ವೋಬರ್ನ್ ವಾಕ್‌ನ ಉಬ್ಬು ಕಿಟಕಿಗಳು

ಕೇಳುಗರಿಗೆ ನಮಸ್ಕಾರ. ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದಿಂದ ಹೊರಬಂದು, ದೊಡ್ಡ ರಸ್ತೆ ದಾಟಿ, ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಹಿಂದಕ್ಕೆ ನಡೆದರೆ ಒಂದು ಪುಟ್ಟ ಬೀದಿ ಸಿಗುತ್ತದೆ. ಹೆಸರು ವೋಬರ್ನ್ ವಾಕ್. ಗಾಡಿಗಳ ಕಾಟ ಇಲ್ಲ, ಬರೀ ಕಾಲ್ನಡಿಗೆ. ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡ, ಕೆನೆಬಣ್ಣದ ಗಾರೆ ಬಳಿದ ಮೂರಂತಸ್ತಿನ ಕಟ್ಟಡಗಳ ಸಾಲು. ಕೆಳಗೆ ಅಂಗಡಿ, ಮೇಲೆ ಮನೆ. ಈ ಏರ್ಪಾಟನ್ನು ನಮ್ಮ ಚಿಕ್ಕಪೇಟೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ!

ಇದನ್ನು ಕಟ್ಟಿದ್ದು 1822ರಲ್ಲಿ. 1714ರಿಂದ 1830ರವರೆಗೆ ಇಂಗ್ಲೆಂಡನ್ನು ಒಬ್ಬರ ಹಿಂದೊಬ್ಬರಂತೆ ನಾಲ್ವರು ಜಾರ್ಜ್‌ಗಳು ಆಳಿದರು. ಹಾಗಾಗಿ ಆ ಕಾಲದ ಕಟ್ಟಡಗಳಿಗೆ ಜಾರ್ಜಿಯನ್ ಅನ್ನುತ್ತಾರೆ. ಜಾಗ ಬೆಡ್‌ಫರ್ಡ್ ಡ್ಯೂಕ್ ಮನೆತನದ್ದು. ನಡುವೆ ತೋಟ, ಸುತ್ತ ಮನೆ, ಅಂಥ ತಮ್ಮ ಚೌಕಗಳ ದೊಡ್ಡ ಮನೆಗಳ ನಡುವೆ ಅಂಗಡಿ ಎದ್ದರೆ ಅವರಿಗೆ ಆಗುತ್ತಿರಲಿಲ್ಲ. ಆದರೆ ದೊಡ್ಡ ಮನೆಯವರಿಗೂ ಬ್ರೆಡ್ಡು, ಬೂಟು ಬೇಕಲ್ವಾ? ಅದಕ್ಕೆ ಅಂಗಡಿಗಳಿಗೇ ಅಂತ ಪಕ್ಕದಲ್ಲೊಂದು ಬೀದಿ.

ಕಟ್ಟಿಸಿದವನು ಥಾಮಸ್ ಕ್ಯೂಬಿಟ್. ಮೂಲತಃ ಬಡಗಿ. ಹುಡುಗನಾಗಿದ್ದಾಗ ಹಡಗಿನಲ್ಲಿ ಮರಗೆಲಸ ಮಾಡುತ್ತಾ ಇಂಡಿಯಾಕ್ಕೂ ಬಂದು ಹೋದವನು. ಆಗಿನ ಪದ್ಧತಿಯಲ್ಲಿ ಗಾರೆಯವನು ಬೇರೆ, ಬಡಗಿ ಬೇರೆ, ಬಣ್ಣದವನು ಬೇರೆ, ಪ್ರತಿಯೊಬ್ಬರದ್ದೂ ಬೇರೆ ಬೇರೆ ಕರಾರು. ಕ್ಯೂಬಿಟ್ ಎಲ್ಲ ಕಸುಬಿನವರನ್ನೂ ಕಾಯಂ ಸಂಬಳಕ್ಕೆ ಇಟ್ಟುಕೊಂಡ. ಜಾಣತನವೇ, ಆದರೆ ಸಂಬಳ ಕೊಡಬೇಕಲ್ಲ? ಕೆಲಸದವರ ಕೈ ಖಾಲಿ ಇರಬಾರದು ಅಂತ ಗಿರಾಕಿ ಸಿಗುವ ಮೊದಲೇ ಸಾಲು ಸಾಲು ಮನೆ ಕಟ್ಟುತ್ತಾ ಹೋದ. ಒಂದೇ ತಂಡದ ಕೆಲಸ, ಹಾಗಾಗಿ ಈ ಸಾಲು ಇಷ್ಟು ಒಪ್ಪವಾಗಿದೆ. ಮುಂದೆ ಲಂಡನ್ನಿನ ಶ್ರೀಮಂತರ ಬಡಾವಣೆಯಾದ ಬೆಲ್‌ಗ್ರೇವಿಯಾದ ದೊಡ್ಡ ದೊಡ್ಡ ಬಂಗಲೆಗಳನ್ನು ಕಟ್ಟಿದ್ದೂ ಇವನೇ. ನನ್ನ ಕೇಳಿದರೆ ಈ ಪುಟ್ಟ ಬೀದಿಯೇ ವಾಸಿ.

ಈಗ ಅಂಗಡಿಯ ಮುಂಭಾಗ ನೋಡೋಣ. ಕಿಟಕಿಗಳು ನೇರವಾಗಿಲ್ಲ. ಬಿಲ್ಲಿನಂತೆ ಬೀದಿಯ ಕಡೆ ಉಬ್ಬಿವೆ. ಎರಡೂ ಕಡೆಯಿಂದ ಬರುವವರಿಗೆ ಒಳಗಿನ ಸಾಮಾನು ಕಾಣಲಿ ಅಂತ. ಆದರೆ ಎಷ್ಟು ಉಬ್ಬಬೇಕು ಅನ್ನುವುದು ಅಂಗಡಿಯವನ ಇಷ್ಟಕ್ಕೆ ಬಿಟ್ಟಿದ್ದಲ್ಲ. 1774ರ ಲಂಡನ್ ಕಟ್ಟಡ ಕಾಯ್ದೆ ಅದಕ್ಕೂ ಅಳತೆ ಹಾಕಿತ್ತು. ಬೀದಿ 30 ಅಡಿ ಅಗಲವಿದ್ದರೆ 10 ಇಂಚು, ಅದಕ್ಕಿಂತ ಕಿರಿದಾಗಿದ್ದರೆ 5 ಇಂಚು, ಅಷ್ಟೇ. ಇಲ್ಲದಿದ್ದರೆ ಒಬ್ಬೊಬ್ಬರೂ ಒಂದೊಂದು ಅಡಿ ಮುಂದೆ ಬಂದು ಜನ ನಡೆಯುವ ಜಾಗವನ್ನೇ ನುಂಗುತ್ತಿದ್ದರು. ನಮ್ಮ ಫುಟ್‌ಪಾತ್‌ಗಳ ಕಥೆ ನಿಮಗೆ ಗೊತ್ತೇ ಇದೆ. ಮನೆ ಮನೆಯ ನಡುವಿನ ಗೋಡೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನೂ ಅದೇ ಕಾಯ್ದೆ ಗೊತ್ತುಮಾಡಿತ್ತು. ಒಂದು ಮನೆಗೆ ಬೆಂಕಿ ಬಿದ್ದರೆ ಇಡೀ ಸಾಲಿಗೆ ಹಬ್ಬಬಾರದಲ್ಲ!

ಕಿಟಕಿಯ ತುಂಬ ಮರದ ಪಟ್ಟಿಗಳು, ನಡುವೆ ಸಣ್ಣ ಸಣ್ಣ ಗಾಜು. ಇದು ಬರೀ ಚಂದಕ್ಕಲ್ಲ. ಆಗ ಗಾಜನ್ನು ಊದಿ, ಗಿರಗಿರನೆ ತಿರುಗಿಸಿ ದುಂಡು ಬಿಲ್ಲೆ ಮಾಡಿ, ಅದರಿಂದ ತುಂಡು ಕತ್ತರಿಸುತ್ತಿದ್ದರು. ಹಾಗೆ ಮಾಡಿದ ಗಾಜಿನಲ್ಲಿ ದೊಡ್ಡ ಹಾಳೆ ಸಿಗುತ್ತಿರಲಿಲ್ಲ. ಅದರ ಜೊತೆಗೆ ಗಾಜಿಗೆ ತೂಕದ ಲೆಕ್ಕದಲ್ಲಿ ತೆರಿಗೆ. ಆ ತೆರಿಗೆ ಹೋಗಿದ್ದು 1845ರಲ್ಲಿ. ಆಮೇಲೆ ಬಹಳ ಕಡೆ ಅಂಗಡಿಯವರು ಹಳೆಯ ಕಿಟಕಿ ಕಿತ್ತು ದೊಡ್ಡ ಗಾಜು ಕೂರಿಸಿದರು. ಇಲ್ಲಿ ಹಳೆಯವು ಉಳಿದವು.

ಅಂಗಡಿಗಳ ಮೇಲಿನ ಬಾಡಿಗೆ ಕೋಣೆಗಳಲ್ಲಿ ಒಬ್ಬ ದೊಡ್ಡ ಮನುಷ್ಯನೂ ಇದ್ದ. ಐರಿಷ್ ಕವಿ ಯೇಟ್ಸ್ 1895ರಿಂದ 1919ರವರೆಗೆ ಇದ್ದದ್ದು ಇಲ್ಲೇ. ಸೋಮವಾರ ಸಂಜೆ ಗೆಳೆಯರ ಕೂಟ. ನಮ್ಮ ಟ್ಯಾಗೋರರ ಇಂಗ್ಲಿಷ್ ಕವನಗಳಿಗೆ 1912ರಲ್ಲಿ ಯೇಟ್ಸ್ ಮುನ್ನುಡಿ ಬರೆದಾಗಲೂ ಈ ಮನೆ ಅವರದ್ದೇ. ಈಗ ಗೋಡೆಯ ಮೇಲೆ ಫಲಕ ಹಾಕಿದ್ದಾರೆ.

ಈ ಸಾಲು ಈಗ ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ ಟೂ ಸ್ಟಾರ್. ಅಂದರೆ ಅಂಗಡಿಯ ಮುಖ ಬದಲಿಸಬೇಕಾದರೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕೇ ಬೇಕು. ನೀವು ಆ ಕಡೆ ಹೋದರೆ ಬೀದಿಯ ಒಂದು ತುದಿಯಲ್ಲಿ ಗೋಡೆಗೆ ಒತ್ತಿ ನಿಂತು, ಕಿಟಕಿಗಳ ಸಾಲನ್ನು ಓರೆಯಾಗಿ ನೋಡಿ. ಆ ಉಬ್ಬು ಸರಿಯಾಗಿ ಕಾಣುವುದು ಹಾಗೆ ನೋಡಿದಾಗಲೇ. ನಮಸ್ಕಾರ.