ಬೈತಖೋಲದ ಬಲೆ, ಜಿನೀವಾದ ಮಾತು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ವಿಷಯ ದೇಶ ದೇಶಗಳ, ಖಂಡ ಖಂಡಗಳ ನಡುವಿನ ಮಾತುಕತೆ. ಹೀಗೆಂದ ಕೂಡಲೇ ರೇಡಿಯೋ ಕಿವಿ ತಿರುಗಿಸಬೇಡಿ. ಕೋಟು ತೊಟ್ಟವರು ಕೈ ಕುಲುಕಿ ನಗುವ ಫೋಟೊ ನಿಮ್ಮ ಕಣ್ಣ ಮುಂದೆ ಬಂದಿರಬಹುದು. ಅದನ್ನು ಬಿಡಿ. ನಾನು ಹೇಳಹೊರಟಿದ್ದು ಶೆಟ್ಲಿ, ಅಂದರೆ ಸಿಗಡಿಯ ಕತೆ. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ, ತದಡಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಬುಟ್ಟಿಗಟ್ಟಲೆ ಇಳಿಯುತ್ತದಲ್ಲ, ಅದೇ ಶೆಟ್ಲಿ. ಅದರ ಜೊತೆಗೆ ಕಡಲಾಮೆಯ ಕತೆಯೂ ಸ್ವಲ್ಪ ಇದೆ.

ಟ್ರಾಲ್ ಬಲೆ ನೋಡಿದವರಿಗೆ ಗೊತ್ತು. ಬಾಯಿ ಅಗಲ, ಹಿಂದಕ್ಕೆ ಹೋದಂತೆ ಕಿರಿದು, ಕೊನೆಯಲ್ಲಿ ಹಗ್ಗದಿಂದ ಬಿಗಿದ ಚೀಲ. ಬೋಟು ಅದನ್ನು ಸಮುದ್ರದ ತಳದಲ್ಲಿ ಎಳೆದುಕೊಂಡು ಹೋಗುತ್ತದೆ. ಎದುರಿಗೆ ಸಿಕ್ಕಿದ್ದೆಲ್ಲ ಒಳಗೆ. ಶೆಟ್ಲಿ, ಏಡಿ, ಸಣ್ಣ ಮರಿಮೀನು, ಪ್ಲಾಸ್ಟಿಕ್ಕು, ಕೆಲವೊಮ್ಮೆ ಆಮೆ. ಮೀನಿಗೆ ಕಿವಿರು ಇದೆ, ಆಮೆಗೆ ಇಲ್ಲ. ಅದು ಆಗಾಗ ಮೇಲೆ ಬಂದು ಉಸಿರೆಳೆದುಕೊಳ್ಳಬೇಕು. ಬಲೆಯನ್ನು ಗಂಟೆಗಟ್ಟಲೆ ಎಳೆದರೆ ಒಳಗೆ ಸಿಕ್ಕಿದ ಆಮೆ ನೀರಲ್ಲೇ ಉಸಿರುಕಟ್ಟಿ ಸಾಯುತ್ತದೆ.

ನಮ್ಮ ಮೀನುಗಾರರು ಬೇಕೆಂದು ಆಮೆ ಹಿಡಿಯುವವರಲ್ಲ. ಕೂರ್ಮಾವತಾರ ಅಂತ ಕೈ ಮುಗಿಯುವವರು. ಜೀವಂತ ಸಿಕ್ಕರೆ ಮರಳಿ ನೀರಿಗೆ ಬಿಡುತ್ತಾರೆ. ಕಾನೂನೂ ಬಿಗಿಯಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಕಡಲಾಮೆಯೂ ಇದೆ. ಚಳಿಗಾಲದ ಹೊತ್ತಿಗೆ ಆಲಿವ್ ರಿಡ್ಲೆ ಜಾತಿಯ ಆಮೆಗಳು ದೇವಬಾಗದಲ್ಲಿ, ಕಾಸರಕೋಡ ಟೊಂಕದಲ್ಲಿ ರಾತ್ರಿ ದಡ ಹತ್ತಿ ಉಸುಕಿನಲ್ಲಿ ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಆ ಗೂಡಿನ ಸುತ್ತ ಜಾಲರಿ ಕಟ್ಟುತ್ತಾರೆ. ನಾಯಿ ಬಗೆದು ತಿನ್ನಬಾರದಲ್ವಾ, ಅದಕ್ಕೆ.

ಈಗ ಇಲ್ಲಿಂದ ನೇರ ಅಮೆರಿಕಕ್ಕೆ ಹೋಗೋಣ.

1980ರ ದಶಕದ ಕೊನೆಗೆ ಅಮೆರಿಕ ತನ್ನ ಶೆಟ್ಲಿ ಬೋಟುಗಳಿಗೆ ಒಂದು ಸಾಧನ ಕಡ್ಡಾಯ ಮಾಡಿತು. ಅದರ ಹೆಸರು ಟೆಡ್. ಬಲೆಯ ಕುತ್ತಿಗೆಯೊಳಗೆ ಓರೆಯಾಗಿ ಕೂರಿಸುವ ಕಂಬಿಗಳ ಚೌಕಟ್ಟು. ಕಂಬಿಗಳ ನಡುವೆ ಹೆಚ್ಚೆಂದರೆ 4 ಇಂಚು ಜಾಗ. ಶೆಟ್ಲಿ ಆ ಸಂದಿಯಲ್ಲಿ ನುಸುಳಿ ಹಿಂದಿನ ಚೀಲಕ್ಕೆ ಹೋಗುತ್ತದೆ. ಆಮೆ ಕಂಬಿಗೆ ತಾಗಿ, ಓರೆಯಲ್ಲಿ ಜಾರಿ, ಬಲೆಯಲ್ಲಿ ಕತ್ತರಿಸಿಟ್ಟ ಕಿಂಡಿಯಿಂದ ಹೊರಗೆ ಹೋಗುತ್ತದೆ. ಕಿಂಡಿಗೆ ಬಲೆಯದೇ ಒಂದು ಮುಚ್ಚಳ, ಆಮೆ ತಳ್ಳಿದರೆ ತೆರೆದುಕೊಳ್ಳುತ್ತದೆ. ಅಷ್ಟೇ ಅದರ ತಂತ್ರ. ತಲೆ ಓಡಿಸಿ ಮಾಡಿದ್ದು, ಒಪ್ಪಬೇಕು.

1989ರಲ್ಲಿ ಅಮೆರಿಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಮೆ ಉಳಿಸುವ ಏರ್ಪಾಡು ಇಲ್ಲದ ದೇಶದ ಶೆಟ್ಲಿ ನಮಗೆ ಬೇಡ ಅಂತ ಕಾನೂನು ಮಾಡಿತು. ಮೊದಲು ಅದು ಕೆರಿಬಿಯನ್ ಸುತ್ತಮುತ್ತಲ ದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಂದಿಕೊಳ್ಳಲು ಅವರಿಗೆ ಮೂರು ವರ್ಷ ಸಮಯ ಕೊಟ್ಟರು. ಅವರ ಜೊತೆ ಕೂತು ಮಾತಾಡಿದರು. 1996ರಲ್ಲಿ ಅಮೆರಿಕ ಖಂಡದ ಕೆಲವು ದೇಶಗಳು ಸೇರಿ ಕಡಲಾಮೆ ರಕ್ಷಣೆಗೆ ಒಪ್ಪಂದವನ್ನೇ ರೂಪಿಸಿದವು.

ಏಷ್ಯಾಕ್ಕೆ ಸಿಕ್ಕಿದ್ದು ಏನು? ನಾಲ್ಕು ತಿಂಗಳು. 1995ರ ಕೊನೆಗೆ ಅಮೆರಿಕದ ಒಂದು ಕೋರ್ಟು ಈ ಕಾನೂನು ಇಡೀ ಜಗತ್ತಿಗೆ ಅನ್ವಯಿಸಬೇಕು ಅಂದಿತು. 1996ರ ಮೇ ತಿಂಗಳಿಂದ ಜಾರಿ. ಮಾತಿಲ್ಲ, ಕತೆಯಿಲ್ಲ. ಟೆಡ್ ಹಾಕಿ, ಇಲ್ಲವೇ ಮಾಲು ತರಬೇಡಿ.

ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ನಾಲ್ಕೂ ಸೇರಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತ, ಪಾಕಿಸ್ತಾನ ಒಂದೇ ಕಡೆ ಕೂತು ವಾದ ಮಾಡಿದವು ಅನ್ನುವುದನ್ನು ಗಮನಿಸಿ. ಶೆಟ್ಲಿ ಏನೇನು ಮಾಡಿಸುತ್ತದೆ!

1998ರ ಅಕ್ಟೋಬರಿನಲ್ಲಿ ಮೇಲ್ಮನವಿಯ ತೀರ್ಪು ಬಂತು. ನನಗೆ ಈ ಇಡೀ ಪ್ರಕರಣದಲ್ಲಿ ಬಹಳ ಮುಖ್ಯ ಅನಿಸುವುದು ಇದೇ ತೀರ್ಪು. ಆಮೆ ಉಳಿಸಬೇಕೆನ್ನುವ ಅಮೆರಿಕದ ಉದ್ದೇಶ ತಪ್ಪಲ್ಲ ಅಂತ ಅದು ಸ್ಪಷ್ಟವಾಗಿ ಹೇಳಿತು. ಆದರೆ ಒಬ್ಬರ ಜೊತೆ ಕೂತು ಮಾತಾಡಿ, ಇನ್ನೊಬ್ಬರಿಗೆ ಬರೀ ಹುಕುಂ ಕೊಟ್ಟಿದ್ದು ಸರಿಯಲ್ಲ ಅಂದಿತು. ಕೆರಿಬಿಯನ್ ಕಡೆಯವರ ಜೊತೆ ಒಪ್ಪಂದ ಆಗಿದೆ ಅಂದರೆ ಮಾತುಕತೆ ಸಾಧ್ಯವಿತ್ತು ಅಂತಲೇ ಅರ್ಥ, ಏಷ್ಯಾದವರ ಜೊತೆ ಯಾಕೆ ಮಾಡಲಿಲ್ಲ, ಅಂತ ಕೇಳಿತು.

ಅಮೆರಿಕ ಆಮೇಲೆ ಕಾನೂನು ಬಿಡಲಿಲ್ಲ, ನಡೆಯುವ ದಾರಿ ಬದಲಿಸಿತು. ಹಿಂದೂ ಮಹಾಸಾಗರದ ದೇಶಗಳು ಮತ್ತು ಆಗ್ನೇಯ ಏಷ್ಯಾದ ದೇಶಗಳು ಸೇರಿ ಕಡಲಾಮೆಗಾಗಿ ಒಂದು ಒಡಂಬಡಿಕೆ ಮಾಡಿಕೊಂಡವು. 2001ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ಅಮೆರಿಕವೂ ಅದಕ್ಕೆ ಸಹಿ ಹಾಕಿತು. ಭಾರತ ಸೇರಿದ್ದು 2007ರಲ್ಲಿ. ಇದರ ನಡುವೆ 2000ದಲ್ಲಿ ಮಲೇಷ್ಯಾ ಮತ್ತೊಮ್ಮೆ ಜಿನೀವಾದ ಬಾಗಿಲು ತಟ್ಟಿತ್ತು. ಈ ಸಲ, 2001ರಲ್ಲಿ, ಅಮೆರಿಕ ಗೆದ್ದಿತು. ಯಾಕೆಂದರೆ ಈಗ ಅದು ಪ್ರಾಮಾಣಿಕವಾಗಿ ಮಾತಾಡುವ ಪ್ರಯತ್ನ ಮಾಡುತ್ತಿದೆ, ಒಪ್ಪಂದ ಆಗಲೇಬೇಕು ಅಂತೇನಿಲ್ಲ, ಪ್ರಯತ್ನ ಮಾಡಿದ್ದು ಸಾಕು ಅಂತ ತೀರ್ಪಾಯಿತು.

ಅಂದರೆ ನೋಡಿ, ಎದುರಿನವರ ಜೊತೆ ಕೂತು ಮಾತಾಡುವುದು ಬರೀ ಸೌಜನ್ಯವಾಗಿ ಉಳಿಯಲಿಲ್ಲ. ಮಾತಾಡದೆ ಬಾಗಿಲು ಹಾಕಿದರೆ ಅದು ಅನ್ಯಾಯ ಅಂತ ಜಾಗತಿಕ ವ್ಯಾಪಾರದಲ್ಲೇ ಒಂದು ಲೆಕ್ಕ ಆಯಿತು.

ಸರಿ, ಮಾತುಕತೆಯ ಹಕ್ಕು ನಮಗೆ ಸಿಕ್ಕಿತು. ಆಮೇಲೆ ನಾವೇನು ಮಾಡಿದೆವು? ಇಲ್ಲಿ ಸ್ವಲ್ಪ ಕಹಿ ಇದೆ. 2019ರಿಂದ ಭಾರತದ ಸಮುದ್ರದಲ್ಲಿ ಹಿಡಿದ ಶೆಟ್ಲಿಗೆ ಅಮೆರಿಕದ ಬಾಗಿಲು ಮತ್ತೆ ಮುಚ್ಚಿದೆ. ಕಾರಣ ಅದೇ ಟೆಡ್. ಅಮೆರಿಕ ನಮ್ಮ ಶೆಟ್ಲಿಯ ದೊಡ್ಡ ಗಿರಾಕಿ ಹೌದು. ಆದರೆ ಅಲ್ಲಿಗೆ ಹೋಗುವುದು ಆಂಧ್ರದಂಥ ಕಡೆ ಕೆರೆಗಳಲ್ಲಿ ಸಾಕಿದ ವನ್ನಾಮಿ ಜಾತಿಯ ಶೆಟ್ಲಿ. ನಮ್ಮ ಟ್ರಾಲರ್ ತಂದ ಶೆಟ್ಲಿ ಬೇರೆ ಗಿರಾಕಿಯನ್ನೇ ಹುಡುಕಬೇಕು. ಗಿರಾಕಿ ಕಡಿಮೆಯಾದರೆ ರೇಟು ಏನಾಗುತ್ತದೆ ಅಂತ ಬಂದರಿನಲ್ಲಿ ಹರಾಜು ಕೂಗುವವರನ್ನು ಕೇಳಿ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಅಮೆರಿಕದ ತಜ್ಞರ ಜೊತೆ ಸೇರಿ ನಮ್ಮ ಬಲೆಗಳಿಗೆ ಹೊಂದುವ ಟೆಡ್ ತಯಾರಿಸಿದ್ದಾರೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇದನ್ನು ಅಳವಡಿಸಲು ನೆರವೂ ಇದೆ. ಹಾಗಾದರೆ ಬೋಟಿನವರು ಯಾಕೆ ಹಿಂಜರಿಯುತ್ತಾರೆ? ಅವರ ಮಾತೂ ಸುಳ್ಳಲ್ಲ. ಕಂಬಿಗೆ ಪ್ಲಾಸ್ಟಿಕ್ಕು, ಜೆಲ್ಲಿಫಿಶ್ ಅನ್ನುವ ಅಂಬಲಿಮೀನು ಬಂದು ಮೆತ್ತಿಕೊಂಡರೆ ಶೆಟ್ಲಿ ಹಿಂದಕ್ಕೆ ಹೋಗುವುದಿಲ್ಲ, ಕಿಂಡಿಯಿಂದ ಹೊರಗೆ ಹೋಗುತ್ತದೆ. ಆಮೆಯ ಜೊತೆ ಒಳ್ಳೇ ದೊಡ್ಡ ಮೀನೂ ತಪ್ಪಿಸಿಕೊಳ್ಳುತ್ತದೆ. ಡೀಸೆಲ್ ಹಾಕಿ, ಆಳಿಗೆ ಕೂಲಿ ಕೊಟ್ಟು ಹೋದವನಿಗೆ ಅದು ಸಣ್ಣ ನಷ್ಟ ಅಲ್ಲ. ಮೆಕ್ಸಿಕೋ ಕೊಲ್ಲಿಯ ತಳಕ್ಕೆ ಹೊಂದಿದ ಚೌಕಟ್ಟು ಕಾಳಿ ನದಿಯ ಕೆಸರು, ಕಸ ಬಂದು ಬೀಳುವ ತಳಕ್ಕೆ ಹಾಗೇ ಹೊಂದಬೇಕು ಅಂತೇನಿಲ್ಲ. ಇದನ್ನು ಹೇಳಬೇಕಾದವನು ಬಲೆ ಎಳೆಯುವವನೇ. ಅವನ ಮಾತು ಮೇಲಿನವರ ಮೇಜಿಗೆ ಹೋಗುವ ದಾರಿ ಮಾತ್ರ ಇನ್ನೂ ಸರಿಯಾಗಿಲ್ಲ.

ಶೆಟ್ಲಿ ಆಯಿತು. ಈಗ ಡೀಸೆಲ್. ನಮ್ಮ ಯಾಂತ್ರೀಕೃತ ಬೋಟುಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುತ್ತದೆ. ಇಂಥ ಸಹಾಯದ ಬಗ್ಗೆಯೂ ಜಿನೀವಾದಲ್ಲಿ 2001ರಿಂದ ಚರ್ಚೆ ನಡೆದಿದೆ. ಸರ್ಕಾರಗಳು ಮೀನುಗಾರಿಕೆಗೆ ದುಡ್ಡು ಸುರಿಯುವುದರಿಂದ ಸಮುದ್ರ ಬರಿದಾಗುತ್ತಿದೆ ಅನ್ನುವುದು ದೂರು. 2022ರ ಜೂನ್‌ನಲ್ಲಿ ಮೊದಲ ಒಪ್ಪಂದ ಆಯಿತು, 2025ರ ಸೆಪ್ಟೆಂಬರ್ 15ಕ್ಕೆ ಜಾರಿಗೆ ಬಂತು. ಕಳ್ಳ ಮೀನುಗಾರಿಕೆಗೆ, ಈಗಾಗಲೇ ಖಾಲಿಯಾದ ಮೀನಿನ ಬೇಟೆಗೆ ಸಬ್ಸಿಡಿ ಕೊಡಬಾರದು ಅಂತ ಅದರಲ್ಲಿದೆ. ಬೋಟು ಜಾಸ್ತಿಯಾಗುವಂತೆ ಮಾಡುವ ಸಬ್ಸಿಡಿಗಳ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. 2024ರ ಅಬುಧಾಬಿ ಸಭೆಯೂ ಅದನ್ನು ಹಾಗೇ ಬಿಟ್ಟಿತು.

ಆ 2022ರ ಸಭೆಯಲ್ಲಿ ನಮ್ಮ ವಾಣಿಜ್ಯ ಸಚಿವರು ಒಂದು ಲೆಕ್ಕ ಮುಂದಿಟ್ಟರು. ಭಾರತದಲ್ಲಿ ಒಂದು ಮೀನುಗಾರ ಕುಟುಂಬಕ್ಕೆ ವರ್ಷಕ್ಕೆ ಸಿಗುವ ಸಬ್ಸಿಡಿ ಹೆಚ್ಚುಕಡಿಮೆ 15 ಡಾಲರ್. ಕೆಲವು ದೇಶಗಳಲ್ಲಿ ಅದು 40 ಸಾವಿರ ಡಾಲರಿಗಿಂತಲೂ ಜಾಸ್ತಿ. ತಮ್ಮ ಸಮುದ್ರ ಬರಿದು ಮಾಡಿಕೊಂಡು ದೊಡ್ಡ ಹಡಗು ಕಟ್ಟಿಕೊಂಡು ಇನ್ನೊಬ್ಬರ ಸಾಗರಕ್ಕೆ ಹೋಗುವವರಿಗೂ, ಹಾರವಾಡದ ಪಾತಿ ದೋಣಿಯವನಿಗೂ ಒಂದೇ ನಿಯಮ ಅಂದರೆ ಹೇಗೆ? ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷ ಸಮಯ ಬೇಕು ಅಂತ ಭಾರತ ಕೇಳಿದೆ. ನ್ಯಾಯವಾದ ಕೇಳಿಕೆ. ಆದರೆ ಆ 25 ವರ್ಷದಲ್ಲಿ ನಾವೇನು ಮಾಡುತ್ತೇವೆ ಅನ್ನುವುದಕ್ಕೂ ಉತ್ತರ ಇರಬೇಕಲ್ವಾ? ಕಡುಬೆಳಕಿನ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆಮೇಲೂ ಕೆಲವು ರಾತ್ರಿ ದಡದಲ್ಲಿ ನಿಂತು ನೋಡಿದರೆ ಸಮುದ್ರದ ಮೇಲೆ ದೀಪಾವಳಿ ಕಂಡಹಾಗೆ ಕಾಣುತ್ತದೆ. ಇದನ್ನು ಇಟ್ಟುಕೊಂಡು ಜಿನೀವಾದಲ್ಲಿ ಗಟ್ಟಿ ದನಿಯಲ್ಲಿ ಮಾತಾಡುವುದು ಕಷ್ಟ.

ಇಷ್ಟು ದೂರದ ಮಾತು ಬೇಡ, ನೆರೆಹೊರೆಯದನ್ನೇ ನೋಡೋಣ. 2018ರಲ್ಲಿ, ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕುತ್ತಾರೆ ಅನ್ನುವ ಗದ್ದಲ ಎದ್ದಾಗ ಗೋವಾ ಹೊರಗಿನ ಮೀನು ತಡೆಯಿತು. ಗಡಿಯ ಮಾಜಾಳಿ ದಾಟಿ ಹೋಗಬೇಕಿದ್ದ ಕಾರವಾರದ ಮೀನು ಇಲ್ಲೇ ನಿಂತಿತು, ಪ್ರತಿಭಟನೆ ಆಯಿತು. ಕೊಂಕಣಿ ಮಾತಾಡಿಕೊಂಡು ಹೆಣ್ಣು ಕೊಟ್ಟು ತಂದುಕೊಳ್ಳುವ ಎರಡು ಊರುಗಳ ನಡುವೆಯೇ ಹೀಗೆ. ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಇದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಹಿಂದೆ ಒಂದೊಂದು ರಾಜ್ಯದಲ್ಲಿ ಒಂದೊಂದು ತಾರೀಕಿಗೆ ಇತ್ತು. ಒಬ್ಬರ ಬೋಟು ದಡದಲ್ಲಿ, ಪಕ್ಕದವರ ಬೋಟು ನೀರಲ್ಲಿ. ಜಗಳಕ್ಕೆ ಇನ್ನೇನು ಬೇಕು! ಈಗ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಹೆಚ್ಚುಕಡಿಮೆ ಒಂದೇ ಲೆಕ್ಕ. ಕೇರಳ ಮಾತ್ರ ಸ್ವಲ್ಪ ತಡವಾಗಿ ಶುರು ಮಾಡುತ್ತದೆ. ಮೊಟ್ಟೆ ಇಡುವ ಹೊತ್ತಿನಲ್ಲಿ ಮೀನಿಗೂ ಬಿಡುವು ಸಿಕ್ಕಿತು.

ಇದೇ ಮಾತನ್ನು ಅರಬ್ಬಿ ಸಮುದ್ರದ ಆಚೆಗೂ ಒಯ್ಯಬಹುದು. ಬಂಗಾಳ ಕೊಲ್ಲಿಯ ಕಡೆ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿದ ಒಂದು ಅಂತರಸರ್ಕಾರಿ ಸಂಸ್ಥೆ ಇದೆ. ಅದರ ಕಚೇರಿ ಚೆನ್ನೈನಲ್ಲಿ. ಅಲ್ಲಿ ಸಣ್ಣ ಮೀನುಗಾರರ ವಿಷಯವೇ ಮುಖ್ಯ. ಟ್ಯೂನಾ ಮೀನಿಗೆ ಸೇಶೆಲ್ಸ್‌ನಲ್ಲಿ ಹಿಂದೂ ಮಹಾಸಾಗರದ ಆಯೋಗ ಇದೆ. ಹಿಂದೂ ಮಹಾಸಾಗರದ ಅಂಚಿನ ದೇಶಗಳ ಕೂಟವೊಂದು 1997ರಿಂದ ಮಾರಿಷಸ್‌ನಲ್ಲಿ ಕೂತಿದೆ. 2025ರಿಂದ ಎರಡು ವರ್ಷ ಅದರ ಅಧ್ಯಕ್ಷತೆ ಭಾರತದ್ದು. ನಮ್ಮ ತಾರ್ಲೆಗೆ, ಬಂಗಡೆಗೆ ಅಂತಲೇ ಭಾರತ, ಒಮಾನ್, ಇರಾನ್, ಪಾಕಿಸ್ತಾನ ಕೂತು ಮಾತಾಡುವ ಒಂದು ಜಾಗ ಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಇದು ಒಳ್ಳೇ ಹೊತ್ತು. ರಾಜಕೀಯ ಅಡ್ಡ ಬರುತ್ತದೆ, ಗೊತ್ತು. 1996ರಲ್ಲೂ ರಾಜಕೀಯ ಇತ್ತು.

ಇನ್ನೊಂದೇ ಮಾತು. ಜೂನ್, ಜುಲೈನಲ್ಲಿ ಬೋಟುಗಳು ದಡದಲ್ಲಿರುತ್ತವೆ. ಬಲೆ ಹೊಲಿಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ನಡೆಯುತ್ತಿರುತ್ತದೆ. ಬೋಟಿನವರೆಲ್ಲ ಊರಲ್ಲಿ ಸಿಗುವ ಸಮಯ ಅದೊಂದೇ. ದಿಲ್ಲಿಯಿಂದ ಜಿನೀವಾಕ್ಕೆ ಹೋಗುವ ಅಧಿಕಾರಿಗಳು ಆಗ ಒಂದು ದಿನ ಕಾರವಾರಕ್ಕೂ, ಒಂದು ದಿನ ಮಲ್ಪೆಗೂ ಬರಲಿ. ಒಪ್ಪಂದದ ಕರಡನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಓದಿ ಹೇಳಲಿ. ಮೀನು ಮಾರುವ ಹೆಂಗಸರನ್ನೂ ಕರೆಯಲಿ, ರೇಟಿನ ಏರಿಳಿತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಮೀನುಗಾರರ ಸಹಕಾರ ಸಂಘಗಳು ಇದನ್ನು ಬರೆದು ಕೇಳಬೇಕು, ಮೀನುಗಾರಿಕೆ ಇಲಾಖೆಯ ಮೂಲಕವೇ ಕೇಳಬಹುದು. ಈ ಸಲದ ಸಾಮಾನ್ಯ ಸಭೆಯಲ್ಲಿ ಅದನ್ನೊಂದು ಠರಾವು ಮಾಡಿ ಕಳಿಸಿ.

ನಮಸ್ಕಾರ.