ಬೀಜ ನುಂಗಿದರೆ ಮರ ಬೆಳೆಯುತ್ತೆ

ಕೇಳುಗರಿಗೆಲ್ಲ ನಮಸ್ಕಾರ.

ಹೊತ್ತು ಮುಳುಗಿದ ಮೇಲೆ ಉಗುರು ಕತ್ತರಿಸಬಾರದು. ಹೊಸಿಲ ಮೇಲೆ ಕೂರಬಾರದು. ದಿಂಬಿನ ಮೇಲೆ ಕೂತರೆ ಕುರು ಏಳುತ್ತೆ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಹೊಟ್ಟೆನೋವು ಬರುತ್ತೆ. ಕೂತಲ್ಲೇ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ. ರಾತ್ರಿ ಶಿಳ್ಳೆ ಹೊಡೆದರೆ ಹಾವು ಬರುತ್ತೆ. ಹಣ್ಣಿನ ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಬೆಳೆಯುತ್ತೆ.

ಇವುಗಳಲ್ಲಿ ಒಂದನ್ನಾದರೂ ಕೇಳದೆ ಬೆಳೆದವರು ಈಗ ರೇಡಿಯೋ ಮುಂದೆ ಇರಲಾರರು ಅಂತ ನನ್ನ ನಂಬಿಕೆ. ನಾನು ಮಕ್ಕಳ ವೈದ್ಯೆ. ಒಲೆಯ ಮೇಲೆ ಸಾರು ಕುದಿಯೋಕೆ ಬಿಟ್ಟು ಕೇಳುತ್ತಿರುವ ಅಮ್ಮಂದಿರೇ, ಹೂ ಕಟ್ಟುತ್ತಾ ಕೂತಿರುವ ಅಜ್ಜಿಯರೇ, ಅಪ್ಪಂದಿರೇ, ನಿಮ್ಮನ್ನು ನಾನು ಇವತ್ತು ಕೇಳಿಕೊಳ್ಳುವುದು ಒಂದೇ ಒಂದು. ಮನೆಯಲ್ಲಿ ನಿಯಮ ಇರಲಿ. ಎಷ್ಟು ಬೇಕಾದರೂ ಇರಲಿ. ಆದರೆ ಮಗುವಿಗೆ ನಿಯಮ ಹೇಳುವಾಗ ಅದರ ನಿಜವಾದ ಕಾರಣವನ್ನೂ ಹೇಳಿಬಿಡಿ.

ಯಾಕೆಂದರೆ ಇವುಗಳಲ್ಲಿ ಬಹಳಷ್ಟಕ್ಕೆ ಒಳ್ಳೆಯ ಕಾರಣ ಇದೆ. ಕರೆಂಟು ಇಲ್ಲದ ಕಾಲದಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಬ್ಲೇಡು ಹಿಡಿದು ಉಗುರು ತೆಗೆದರೆ ಏನಾಗುತ್ತಿತ್ತು, ನೀವೇ ಯೋಚನೆ ಮಾಡಿ. ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ ಅನ್ನುತ್ತಿದ್ದರು. ಬಿದ್ದುಹೋದ ಓಲೆಯ ತಿರುಪು, ಮೂಗುಬೊಟ್ಟಿನ ಹರಳು ಕಸದ ಜೊತೆ ತಿಪ್ಪೆ ಸೇರುತ್ತಿತ್ತು. ತೊಟ್ಟಿಲಿನ ಮಾತೂ ಅಷ್ಟೇ. ಮರದ ತೊಟ್ಟಿಲು ಜೋರಾಗಿ ತೂಗಾಡುವಾಗ ಪಕ್ಕದಲ್ಲಿ ಅಂಬೆಗಾಲಿಡುವ ಇನ್ನೊಂದು ಮಗು ಇದ್ದರೆ ಏಟು ಬೀಳುವುದು ಅದರ ಹಣೆಗೆ.

ಇನ್ನು ಹೊಸಿಲು. ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ, ನರಸಿಂಹ ಹಿರಣ್ಯಕಶಿಪುವನ್ನು ಸೀಳಿದ್ದು ಹೊಸಿಲ ಮೇಲೆ ಅಂತ ಕಥೆ ಹೇಳುತ್ತೇವೆ. ಎಲ್ಲ ಸರಿ, ಕಥೆ ಹೇಳಿ. ಅದರ ಜೊತೆ ಇದನ್ನೂ ಹೇಳಿ: ಹೊಸಿಲ ಮೇಲೆ ಕೂತ ಮಗುವಿನ ಕೈ ಎಲ್ಲಿರುತ್ತೆ? ಬಾಗಿಲ ಸಂದಿಯಲ್ಲಿ. ಗಾಳಿಗೆ ಬಾಗಿಲು ಧಡ್ ಅಂತ ಬಡಿದು, ಉಗುರು ಕಿತ್ತು ಬಂದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರುವ ಮಕ್ಕಳನ್ನು ನಾನು ನೋಡುತ್ತಲೇ ಇರುತ್ತೇನೆ. ಅದರಲ್ಲೂ ಬಾಗಿಲಿನ ಕೀಲು ಇರುವ ಕಡೆ ಬೆರಳು ಸಿಕ್ಕಿದರೆ ಮೂಳೆಯೇ ಜಜ್ಜಿಹೋಗುತ್ತೆ. ಈ ಕಾರಣವನ್ನು ಮಗುವಿಗೆ ಒಂದು ಸಲ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಒಂದು ಪೆನ್ಸಿಲ್ ಇಟ್ಟು ಬಾಗಿಲು ಹಾಕಿ ತೋರಿಸಿ. ಆಮೇಲೆ ಅದು ಹೊಸಿಲ ಮೇಲೆ ಕೂರುತ್ತಾ ನೋಡಿ.

ಕಾರಣ ಹೇಳದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಬೇಸಿಗೆ ಶುರುವಾಗಿತ್ತು. ಏಳು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ಕರೆದುಕೊಂಡು ಬಂದರು. "ಮೇಡಂ, ಇವನು ಸರಿಯಾಗಿ ಊಟ ಮಾಡ್ತಿಲ್ಲ, ಕಕ್ಕಸಿಗೆ ಹೋಗ್ತಿಲ್ಲ, ಸದಾ ಮಂಕಾಗಿರ್ತಾನೆ" ಅಂದರು. ನೋಡಿದೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಮೂತ್ರ ಗಾಢ ಹಳದಿ. ಹೊಟ್ಟೆ ಮುಟ್ಟಿದರೆ ಎಡಗಡೆ ಗಟ್ಟಿ. ನೀರು ಕುಡಿಯುತ್ತಾನಾ ಅಂತ ಕೇಳಿದೆ. ಸ್ಕೂಲಿಗೆ ಕೊಟ್ಟ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತಂತೆ. ಮನೆಯಲ್ಲೂ ಬೈದು ಕುಡಿಸಿದರೆ ಒಂದು ಗುಟುಕು, ಅಷ್ಟೇ.

ಗಂಟಲು ನೋಡೋಣ ಅಂತ "ಆ ಅನ್ನು ಪುಟ್ಟ" ಅಂದೆ. ಬಾಯಿ ತೆರೆದ. ನಾನು ಟಾರ್ಚ್ ಹಾಕಿದೆ ನೋಡಿ, ಫಟ್ಟನೆ ಬಾಯಿ ಮುಚ್ಚಿಕೊಂಡು ಎರಡೂ ಕೈ ಅಡ್ಡ ಇಟ್ಟುಕೊಂಡ. ಟಾರ್ಚ್ ಆರಿಸಿದೆ, ಕೈ ತೆಗೆದ. ಮತ್ತೆ ಹಾಕಿದೆ, ಮತ್ತೆ ಮುಚ್ಚಿಕೊಂಡ. ತಾಯಿ ಗದರಲು ಹೊರಟರು. ಸ್ವಲ್ಪ ಸುಮ್ಮನಿರಿ ಅಂತ ಅವರಿಗೆ ಕೈಸನ್ನೆ ಮಾಡಿ, ಅವನ ಪಕ್ಕ ಕೂತೆ. "ಬೆಳಕು ಕಂಡರೆ ಭಯಾನಾ?" ಅಂದೆ. ಇಲ್ಲ ಅಂತ ತಲೆ ಆಡಿಸಿದ. ಬಹಳ ಹೊತ್ತು ಕಾಲುಬೆರಳನ್ನೇ ನೋಡುತ್ತಾ ಕೂತಿದ್ದವನು ಕೊನೆಗೆ ಮೆಲ್ಲಗೆ ಹೇಳಿದ: "ಒಳಗೆ ಬೆಳಕು ಹೋದ್ರೆ ಅದು ದೊಡ್ಡದಾಗುತ್ತೆ."

ಯಾವುದು ದೊಡ್ಡದಾಗುತ್ತೆ? ಸಪೋಟ ಗಿಡ!

ಆಗಿದ್ದು ಇಷ್ಟು. ಸಪೋಟ ತಿನ್ನುವಾಗ ಒಂದು ಬೀಜ ನುಂಗಿಬಿಟ್ಟಿದ್ದ. ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಬೆಳೆಯುತ್ತೆ ಅಂತ ಮನೆಯಲ್ಲಿ ಅವನಿಗೆ ಎಷ್ಟೋ ಸಲ ಹೇಳಿದ್ದರು. ಸ್ಕೂಲಿನ ಪರಿಸರ ಪಾಠದಲ್ಲಿ ಗಿಡ ಬೆಳೆಯೋಕೆ ನೀರು ಬೇಕು, ಬಿಸಿಲು ಬೇಕು ಅಂತ ಓದಿದ್ದ. ಎರಡನ್ನೂ ಸೇರಿಸಿ ಅವನೇ ಒಂದು ತೀರ್ಮಾನಕ್ಕೆ ಬಂದಿದ್ದ. ನೀರು ಕುಡಿಯಬಾರದು. ಬಿಸಿಲಲ್ಲಿ ಬಾಯಿ ತೆರೆಯಬಾರದು. ಆಟದ ಬಯಲಲ್ಲಿ ಮಾತಾಡುವುದನ್ನೇ ಬಿಟ್ಟಿದ್ದ. ಅಮ್ಮನಿಗೆ ಹೇಳಿದರೆ ಬೀಜ ನುಂಗಿದ್ದಕ್ಕೆ ಬೈಗುಳ ಬೀಳುತ್ತೆ ಅಂತ ಒಬ್ಬನೇ ಇಟ್ಟುಕೊಂಡಿದ್ದ. ಎಂಥ ಜಾಣ ಮಗು ನೋಡಿ! ಎಂಥ ಭಯ ಹೊತ್ತುಕೊಂಡು ತಿರುಗುತ್ತಿತ್ತು ನೋಡಿ! ತಾಯಿಗೆ ನಗು ಬಂತು. ನಗಬೇಡಿ ಅಂದೆ. ಅವನಿಗೆ ಅದು ತಮಾಷೆಯ ವಿಷಯವೇ ಆಗಿರಲಿಲ್ಲ.

ಹೊರಗೆ ಗೇಟಿನ ಹತ್ತಿರ ಹಣ್ಣಿನ ಗಾಡಿ ಇತ್ತು. ಆಯಾಗೆ ಹೇಳಿ ಒಂದು ಸಪೋಟ ತರಿಸಿದೆ. ಕುಯ್ದು, ಬೀಜ ತೆಗೆದು ತೊಳೆದು ಅವನ ಅಂಗೈ ಮೇಲೆ ಇಟ್ಟೆ. ಸಪೋಟ ಬೀಜವನ್ನು ನೀವು ಸರಿಯಾಗಿ ನೋಡಿದ್ದೀರಾ? ಕಪ್ಪಗೆ, ನುಣ್ಣಗೆ ಹೊಳೆಯುತ್ತೆ. ಒಂದು ತುದಿಯಲ್ಲಿ ಮಾತ್ರ ಚಿಕ್ಕ ಕೊಕ್ಕೆ ಇರುತ್ತೆ. "ಬೆರಳಿಟ್ಟು ಸವರಿ ನೋಡು" ಅಂದೆ. ಸವರಿದ. ಕೊಕ್ಕೆ ಬೆರಳಿಗೆ ತಾಕಿತು. "ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಪುಟ್ಟ, ಅದಕ್ಕೇ ನುಂಗಬೇಡ ಅನ್ನೋದು. ನಿನ್ನದು ಸಿಕ್ಕಿಕೊಳ್ಳದೆ ಹೊಟ್ಟೆಗೆ ಹೋಯ್ತು. ಹೊಟ್ಟೆಯಲ್ಲಿ ಮಣ್ಣಿಲ್ಲ, ಆಮ್ಲ ಇದೆ, ಅಲ್ಲಿ ಯಾವ ಬೀಜವೂ ಮೊಳೆಯಲ್ಲ. ನೀನು ನೀರು ಕುಡಿದರೆ ಅದು ಕಕ್ಕಸಿನಲ್ಲಿ ಹೊರಗೆ ಬಂದುಬಿಡುತ್ತೆ" ಅಂದೆ. ಬೀಜವನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೇರು ಬಿಟ್ಟಿರಲ್ವಾ?" ಅಂತ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಲೋಟ ಎತ್ತಿ ನೀರನ್ನು ಒಂದೇ ಉಸಿರಿಗೆ ಕುಡಿದ.

ಮುಂದಿನ ಸಲ ಬಂದಾಗ ಅವನ ತಾಯಿ ಹೇಳಿದರು, ಮನೆಯಲ್ಲಿ ಯಾರು ಸಪೋಟ ತಿಂದರೂ ಇವನು ಪಕ್ಕದಲ್ಲಿ ನಿಂತು ಬೀಜ ಎಣಿಸುತ್ತಾನಂತೆ, ತಂಗಿಗೆ ಕೊಡುವ ಮೊದಲು ಕೊಕ್ಕೆ ತೋರಿಸುತ್ತಾನಂತೆ. ನಿಯಮ ಅದೇ: ಬೀಜ ನುಂಗಬಾರದು. ಕಾರಣ ಗೊತ್ತಾದ ಮೇಲೆ ಅದು ಅವನದೇ ನಿಯಮ ಆಯಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಶಿಳ್ಳೆ ಮತ್ತು ಹಾವು. ಶಿಳ್ಳೆ ಹೊಡೆದರೆ ಹಾವು ಬರುತ್ತೆ ಅಂತ ಕಲಿತ ಮಗು ಏನು ತಿಳಿದುಕೊಳ್ಳುತ್ತೆ? ಶಿಳ್ಳೆ ಹೊಡೆಯದಿದ್ದರೆ ಹಾವು ಬರಲ್ಲ ಅಂತ. ಬರಿಗಾಲಲ್ಲಿ, ಕತ್ತಲಲ್ಲಿ ಹಿತ್ತಲಿಗೆ ಓಡುತ್ತೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅನ್ನುವ ಅಂದಾಜಿದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಇಷ್ಟು ದೊಡ್ಡ ವಿಷಯಕ್ಕೆ ಶಿಳ್ಳೆಯ ಕಥೆ ಸಾಲದು. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ, ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯಬಾರದು, ಯಾಕೆಂದರೆ ಹಾವಿನ ಮೇಲೆ ಕಾಲಿಟ್ಟರೆ ಅದು ಕಚ್ಚುತ್ತೆ. ಇಷ್ಟು ಹೇಳಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸೇರಿಸಿ. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿ, ಮಲಗಿದವರನ್ನೇ.

ಹೆದರಿಸದಿದ್ದರೆ ಮಕ್ಕಳು ಕೇಳಲ್ಲ ಮೇಡಂ ಅನ್ನುತ್ತೀರಿ. ಕೇಳಿ. 1965ರಲ್ಲಿ ಅಮೆರಿಕದ ಜೊನಾಥನ್ ಫ್ರೀಡ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಹುಡುಗರ ಮುಂದೆ ಆಟದ ಸಾಮಾನು ಇಟ್ಟರು. ಅದರಲ್ಲಿ ಒಂದು ಚೆಂದದ ರೋಬೋ. ಕೆಲವರಿಗೆ, ಅದನ್ನು ಮುಟ್ಟಿದರೆ ನನಗೆ ತುಂಬಾ ಸಿಟ್ಟು ಬರುತ್ತೆ, ನೋಡ್ಕೋತೀನಿ ಅಂತ ಜೋರಾಗಿ ಹೆದರಿಸಿದರು. ಇನ್ನು ಕೆಲವರಿಗೆ, ಅದರ ಜೊತೆ ಆಡುವುದು ತಪ್ಪು ಅಂತ ಮೆತ್ತಗೆ ಹೇಳಿದರು. ಆ ಹೊತ್ತಿಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಮುಟ್ಟಲಿಲ್ಲ. ಕೆಲವು ವಾರ ಬಿಟ್ಟು, ಹೆದರಿಸುವವರು ಯಾರೂ ಇಲ್ಲದಾಗ ಅದೇ ರೋಬೋ ಸಿಕ್ಕಿತು. ಜೋರಾಗಿ ಹೆದರಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನೇ ಎತ್ತಿಕೊಂಡರು. ಮೆತ್ತಗೆ ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ಬಿಟ್ಟುಬಿಟ್ಟರು. ನೀವು ಮನೆಯಲ್ಲಿ ಇಲ್ಲದಾಗ ನಿಮ್ಮ ಗುಮ್ಮನೂ ಮನೆಯಲ್ಲಿ ಇರಲ್ಲ. ಕಾರಣ ಇರುತ್ತೆ.

ಕಾರಣ ಗೊತ್ತಿಲ್ಲದ ನಿಯಮಗಳೂ ಇವೆ. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು. ಅಂಥವಕ್ಕೆ, ಇದು ನಮ್ಮ ಮನೆ ಪದ್ಧತಿ, ಅಜ್ಜಿಗೆ ಇಷ್ಟ, ಅದಕ್ಕೆ ಮಾಡೋಣ ಅನ್ನಿ. ಅದೂ ನಿಜವಾದ ಕಾರಣವೇ. ಊಟದ ಹೊತ್ತಲ್ಲಿ ಮೊಬೈಲ್ ಬೇಡ ಅನ್ನುವ ಹೊಸ ನಿಯಮಕ್ಕೂ ಕಾರಣ ಹೇಳಿ: ಮೊಬೈಲ್ ನೋಡುತ್ತಾ ತಿಂದರೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ. ಹೇಳಿ, ನಿಮ್ಮ ಮೊಬೈಲನ್ನೂ ಎತ್ತಿಡಿ.

ಕೊನೆಗೆ ನನ್ನದೊಂದು ಬೇಡಿಕೆ. ಅನ್ನ ತಿನ್ನಲಿಲ್ಲ ಅಂದರೆ ಡಾಕ್ಟ್ರು ಸೂಜಿ ಚುಚ್ತಾರೆ ಅಂತ ಮಕ್ಕಳನ್ನು ದಯವಿಟ್ಟು ಹೆದರಿಸಬೇಡಿ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ನಾವು ಅನ್ನ ತಿನ್ನದವರಿಗೆ ಸೂಜಿ ಚುಚ್ಚುವುದಿಲ್ಲ. ನಿಮ್ಮ ಮಗು ಜ್ವರ ಬಂದು ನರಳುವಾಗಲೂ ನನ್ನನ್ನು ನೋಡಿ ಮೇಜಿನ ಕೆಳಗೆ ನುಗ್ಗಿದರೆ ನಾನು ಅದರ ಎದೆಗೆ ಸ್ಟೆತಸ್ಕೋಪ್ ಇಡುವುದು ಹೇಗೆ? ಈ ವಾರ ಲಸಿಕೆಗೆ ಕರೆತರುವವರು ಇದ್ದರೆ, ನೋವೇ ಆಗಲ್ಲ ಅಂತಲೂ ಹೇಳಬೇಡಿ. "ಚುಚ್ಚಿದಾಗ ನೋವಾಗುತ್ತೆ ಕಂದ, ಸ್ವಲ್ಪ ಹೊತ್ತಿಗೆ ಕಮ್ಮಿಯಾಗುತ್ತೆ, ದಡಾರ ಬರದೆ ಇರಲಿ ಅಂತ ಹಾಕಿಸ್ತೀವಿ, ನಾನು ಕೈ ಹಿಡ್ಕೊಂಡಿರ್ತೀನಿ" ಅಂತ ಹೇಳಿ ಕರೆದುಕೊಂಡು ಬನ್ನಿ. ನಮಸ್ಕಾರ.