ತನ್ನ ಕಡತ ತನ್ನ ಕೈಗೆ

ಕೇಳುಗರಿಗೆ ನಮಸ್ಕಾರ.

1989ರ ಡಿಸೆಂಬರ್ 4. ಪೂರ್ವ ಜರ್ಮನಿಯ ಎರ್ಫುರ್ಟ್ ಪಟ್ಟಣ. ಗುಪ್ತ ಪೊಲೀಸರ, ಅಂದರೆ ಸ್ಟಾಸಿಯ ಕಚೇರಿ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಕಡತ ಸುಡುತ್ತಿದ್ದಾರೆಂಬ ಗುಮಾನಿ ಊರಲ್ಲಿ ಹಬ್ಬಿತು. ಮೊದಲು ನುಗ್ಗಿದವರು ಹೆಂಗಸರು. ಆರು ವಾರದಲ್ಲಿ, ಜನವರಿ 15ರಂದು, ಬರ್ಲಿನ್ನಿನ ಕೇಂದ್ರ ಕಚೇರಿಗೂ ಜನ ನುಗ್ಗಿದರು.

ಸುಮಾರು 1.6 ಕೋಟಿ ಜನರ ಆ ದೇಶದಲ್ಲಿ ಸ್ಟಾಸಿಗೆ ಹತ್ತಿರ ಹತ್ತಿರ 91,000 ಸಂಬಳದ ನೌಕರರಿದ್ದರು. ಗುಟ್ಟಾಗಿ ಸುದ್ದಿ ಮುಟ್ಟಿಸುವವರು ಒಂದೂವರೆ ಲಕ್ಷಕ್ಕೂ ಮಿಕ್ಕಿ. ಇವರೆಲ್ಲ ಬರೆದಿಟ್ಟ ಕಾಗದವನ್ನು ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್.

ಇದಕ್ಕೆ ಬೀಗ ಹಾಕಿಬಿಡೋಣ, ತೆರೆದರೆ ಕೊಲೆಗಳಾದಾವು ಎಂದು ದೊಡ್ಡವರು ಹೆದರಿಸಿದರು. ಹೋರಾಟಗಾರರು ಒಪ್ಪಲಿಲ್ಲ, 1990ರ ಸೆಪ್ಟೆಂಬರಿನಲ್ಲಿ ಅದೇ ಕಚೇರಿಯೊಳಗೆ ಉಪವಾಸ ಕೂತರು. 1991ರ ಕೊನೆಗೆ ಕಾನೂನು ಬಂತು. 1992ರ ಜನವರಿ 2ರಿಂದ ಜನ ತಮ್ಮ ಕಡತ ಓದತೊಡಗಿದರು. ಹೆದರಿಸಿದಂತೆ ರಕ್ತ ಹರಿಯಲಿಲ್ಲ.

ಆ ಕಾನೂನಿನ ನ್ಯಾಯ ನನಗೆ ಬಹಳ ಹಿಡಿಸಿದೆ. ಯಾರ ಮೇಲೆ ಕಣ್ಣಿಟ್ಟಿದ್ದರೋ ಅವರಿಗೇ ಮೊದಲ ಹಕ್ಕು. ನೀವು ಅರ್ಜಿ ಕೊಡುತ್ತೀರಿ, ಮೇಜಿನ ಮುಂದೆ ಕೂರುತ್ತೀರಿ, ಪುಟಗಳು ಬರುತ್ತವೆ. ನಿಮ್ಮಂತೆಯೇ ನೊಂದ ಬೇರೆಯವರ ಹೆಸರಿಗೆ ಕಪ್ಪು ಬಳಿದಿರುತ್ತದೆ. ಚಾಡಿ ಹೇಳಿದವರ ಗುಪ್ತನಾಮ ಮಾತ್ರ ಹಾಗೇ ಇರುತ್ತದೆ. ಅದರ ಹಿಂದಿನ ನಿಜ ಹೆಸರನ್ನು ನೀವು ಕೇಳಿ ಪಡೆಯಬಹುದು. ಕೇಳದೆಯೂ ಎದ್ದು ಬರಬಹುದು.

ಹೋರಾಟಗಾರ್ತಿ ವೆರಾ ವೊಲ್ಲೆನ್‌ಬರ್ಗರ್ ಅವರ ವಿಷಯದಲ್ಲಿ ಸುದ್ದಿ ಮುಟ್ಟಿಸುತ್ತಿದ್ದವನ ಗುಪ್ತನಾಮ ‘ಡೊನಾಲ್ಡ್’. ಆತ ಅವರ ಗಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಂಥದ್ದು ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನುವವರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ತನ್ನ ಮನೆಯಲ್ಲಿ ನಡೆದದ್ದು ಊರ ಪೊಲೀಸರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದೆ ಬಾಳುವುದು ಯಾವ ನೆಮ್ಮದಿ?

ಪೋಲೆಂಡ್, ಜೆಕ್, ರುಮೇನಿಯಾಗಳೂ ತಡವಾಗಿಯಾದರೂ ತಮ್ಮ ತಮ್ಮ ಕಡತಗಳನ್ನು ತೆರೆದವು.

ಸ್ಟಾಸಿಯವರು ಕೊನೇ ದಿನಗಳಲ್ಲಿ ಕೈಯಿಂದಲೇ ಹರಿದು ತುಂಬಿಟ್ಟ ಚೀಲಗಳೂ ಸಿಕ್ಕವು, ಸುಮಾರು 16,000. ನ್ಯೂರೆಂಬರ್ಗ್ ಹತ್ತಿರದ ತ್ಸಿರ್ನ್‌ಡೋರ್ಫ್‌ನಲ್ಲಿ 1995ರಿಂದ ಅವನ್ನು ಜೋಡಿಸತೊಡಗಿದರು. ಕಾಗದದ ಬಣ್ಣ ನೋಡುವುದು, ಕೈಬರಹ ನೋಡುವುದು, ಹರಿದ ಅಂಚಿಗೆ ಅಂಚು ಹಿಡಿದು ನೋಡುವುದು, ಕೂತರೆ ಟೇಪ್ ಹಚ್ಚುವುದು. ಹಾಗೆ ವರ್ಷಗಟ್ಟಲೆ ಕೂತು ಹತ್ತು ಲಕ್ಷಕ್ಕೂ ಹೆಚ್ಚು ಪುಟ ಕೂಡಿಸಿದ್ದಾರೆ.